ಬಲಗಡೆಯ ಎತ್ತು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಬರೆದ ಚಿತ್ರ ಇನ್ನೂ ನನ್ನ ಮೇಜಿನ ಮೇಲೇ ಇದೆ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿ. ಎಡಗಡೆಯ ಎತ್ತು ಪೂರ್ತಿ ಆಗಿದೆ. ಬಲಗಡೆಯದಕ್ಕೆ ಬೆನ್ನಿನ ಗೆರೆ, ಒಂದು ಕೊಂಬು, ಅಷ್ಟೇ.

ಬೆಳಿಗ್ಗೆ ಏಳಕ್ಕೇ ಕೂತಿದ್ದೆ. ಚಳಿಗೆ ಬೆರಳು ಬಗ್ಗುತ್ತಿರಲಿಲ್ಲ. ಹಳ್ಳಿಕಾರ್ ಬರೆಯುವಾಗ ನಾನು ಮೊದಲು ಹಿಡಿಯುವುದು ಕೊಂಬನ್ನು. ಎರಡೂ ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟುತ್ತವೆ. ಅರ್ಧದವರೆಗೆ ನೆಟ್ಟಗೆ ಹಿಂದಕ್ಕೆ ಹೋಗಿ, ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗುತ್ತವೆ. ಆ ಬಾಗು ತಪ್ಪಿದರೆ ಅದು ಬೇರೆ ಯಾವುದೋ ದನ. 2000ನೇ ಇಸವಿಯಲ್ಲಿ ಈ ತಳಿಯ ಅಂಚೆಚೀಟಿ ಬಂದಿತ್ತಲ್ವಾ, ಚಿಕ್ಕವಳಿದ್ದಾಗ ಅದನ್ನು ನೋಡಿಕೊಂಡೇ ನಾನು ಕೊಂಬು ಕಲಿತದ್ದು. ಉದ್ದ ಮುಖ, ಹಣೆಯ ನಡುವೆ ಸಣ್ಣ ತಗ್ಗು. ಮೈಗೆ ಎಚ್‌ಬಿ ಪೆನ್ಸಿಲ್ ಸಾಕು. ಭುಜ, ತೊಡೆಯ ಹತ್ತಿರ ಬೂದು ಕಪ್ಪಾಗುವ ಕಡೆ ಇನ್ನೂ ಕಪ್ಪಗೆ ಬರೆಯುವ 4ಬಿ. ಪೆನ್ಸಿಲ್‌ಗೆ ಇಷ್ಟು ಹೊಂದುವ ಬಣ್ಣ ಬೇರೆ ಇಲ್ಲ.

ಒಂದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿಗೆ ನೆರಳು ಹಾಕುವಷ್ಟರಲ್ಲಿ ಎರಡು ಗಂಟೆ ಹೋಯಿತು. ಅಷ್ಟೊತ್ತಿಗೆ ದಲ್ಲಾಳಿ ಬಂದರು. ಬಾಯಿ ಬಿಡಿಸಿ ಕೆಳಗಿನ ಹಲ್ಲು ನೋಡಿದರು, ಮೈಮೇಲಿನ ಕೂದಲ ಸುಳಿ ನೋಡಿದರು. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ಮಾತು ಮುಗಿಸಿದರು. ಜೋಡಿ ಮಾರಾಟವಾಯಿತು.

"ಅರ್ಧ ಗಂಟೆ ನಿಲ್ಲಿಸ್ತೀರಾ ಅಣ್ಣ?" ಅಂದೆ.

"ಜೋಡಿ ಅಲ್ವೇನಮ್ಮ, ಇದನ್ನ ನೋಡ್ಕೊಂಡೇ ಅದನ್ನೂ ಬರೆದುಬಿಡು" ಅಂದರು ದಲ್ಲಾಳಿ.

ಎತ್ತಿನ ಯಜಮಾನರು ಅಲ್ಲೇ ಹಗ್ಗ ಬಿಚ್ಚುತ್ತಿದ್ದರು. ವಯಸ್ಸಾದವರು. ಅಲ್ಲಿಯವರೆಗೆ ಜಾಸ್ತಿ ಮಾತೇ ಆಡಿರಲಿಲ್ಲ. ನನ್ನ ಹಾಳೆಯ ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ಎಲ್ಲಿ ಒಂದೇ ಥರ ಐತೆ? ಇವನ ಕೊಂಬಿನ ತುದಿ ಒಳಕ್ಕೆ ತಿರುಗೈತೆ. ಬಲಗಿವಿ ತುದಿ ಸೀಳೈತೆ, ಕರು ಆಗಿದ್ದಾಗ ಬೇಲೀಲಿ ಸಿಕ್ಕಾಕ್ಕೊಂಡಿದ್ದ. ನಿಂತ್ರೆ ಎಡಗಾಲು ಮುಂದಿಟ್ಕೊಂಡೇ ನಿಲ್ತಾನೆ. ಬರ್ಕೋ ತಾಯಿ."

ಚಿತ್ರ ಬರೆಯಲು ಹೊತ್ತಿರಲಿಲ್ಲ. ಲಾರಿ ಹಿಂದಕ್ಕೆ ಬರುತ್ತಿತ್ತು. ಅವರು ಹೇಳಿದ್ದನ್ನು ಹಾಗೇ ಅಕ್ಷರದಲ್ಲಿ ಬರೆದುಕೊಂಡೆ.

ಫೋಟೋ ನೋಡಿ ಮುಗಿಸು ಅಂತ ಮನೆಯಲ್ಲಿ ಹೇಳುತ್ತಾರೆ. ನನ್ನ ಹತ್ತಿರ ಇರುವುದು ಒಂದೇ ಫೋಟೋ, ಲಾರಿ ಹತ್ತುವಾಗಿನ ಬೆನ್ನು, ಬಾಲ. ಅದರಿಂದ ಆ ಕಿವಿ ಹೇಗೆ ಬರೆಯಲಿ? ಎಡಗಡೆಯದನ್ನು ನೋಡಿ ತುಂಬಿಸಿದರೆ ಆ ಯಜಮಾನರು ಒಪ್ಪುವುದಿಲ್ಲ.

ಹಾಗಾಗಿ ಬಲಗಡೆ ಈಗಲೂ ಪೆನ್ಸಿಲ್ ಅಕ್ಷರಗಳೇ ಇವೆ. ಬೆನ್ನಿನ ಗೆರೆಯ ಕೆಳಗೆ, ಕಾಲು ಬರಬೇಕಾದ ಕಡೆ: "ಎಡಗಾಲು ಮುಂದೆ."