ಅವರೆಬೇಳೆ ಮೇಳಕ್ಕೆ ಮನೆಮಂದಿಯೊಂದಿಗೆ ಹೋಗುವವರಿಗೆ

ಬೆಂಗಳೂರಿನ ಅವರೆಬೇಳೆ ಮೇಳವನ್ನು ಮನೆಯ ಹಿರಿಯರ ಜೊತೆಗೆ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಇರುವುದು ಧಾರವಾಡದಲ್ಲಿ. ನಮ್ಮ ತಾಯಿಯವರ ತವರು ಮಾಗಡಿ ಸೀಮೆ. ಸೊಗಡಿನ ಅವರೆಕಾಯಿಗೆ ಹೆಸರಾದ ಆ ಸೀಮೆಯಿಂದ ಬಂದ ಅವರಿಗೆ ಚಳಿಗಾಲ ಬಂತೆಂದರೆ ಹಿತಕಿದ ಬೇಳೆಯ, ಅಂದರೆ ನೆನೆಸಿ ಸಿಪ್ಪೆ ತೆಗೆದ ಅವರೆಕಾಳಿನ, ಸಾರಿನ ನೆನಪು ಬಿಡುವುದಿಲ್ಲ. ಅವರಿಗಾಗಿಯೇ ಹೊರಟ ಈ ಪ್ರವಾಸ ಮಕ್ಕಳಿಗೂ ಅಷ್ಟೇ ಪ್ರಿಯವಾಯಿತು.

ಮೇಳವು ಸಾಮಾನ್ಯವಾಗಿ ಡಿಸೆಂಬರ್ ಕೊನೆಯಿಂದ ಜನವರಿ ನಡುವಿನ ಅವಧಿಯಲ್ಲಿ, ಅವರೆಯ ಸುಗ್ಗಿಗೆ ಹೊಂದಿಕೊಂಡು ಕೆಲವೇ ದಿನ ನಡೆಯುತ್ತದೆ. ಮೊದಲು ವಿ.ವಿ. ಪುರದ ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ನಡೆಯುತ್ತಿದ್ದ ಇದನ್ನು 2023ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಏರ್ಪಡಿಸಲಾಯಿತು. ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆ ವರ್ಷದ ದಿನಾಂಕ ಮತ್ತು ಸ್ಥಳವನ್ನು ಪತ್ರಿಕೆಗಳಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ರೈಲಿನ ಟಿಕೆಟ್ ಕಾದಿರಿಸಿ.

ಉತ್ತರ ಕರ್ನಾಟಕದ ಕಡೆಯಿಂದ ಬರುವವರು ಯಶವಂತಪುರದಲ್ಲಿ ಇಳಿದರೆ ಅನುಕೂಲ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲಿಯೂ ಗಾಡಿ ಬದಲಿಸದೆ ನ್ಯಾಷನಲ್ ಕಾಲೇಜು ನಿಲ್ದಾಣ ತಲುಪಬಹುದು. ಮೈದಾನ ಅದರ ಹತ್ತಿರದಲ್ಲೇ ಇದೆ. ಕಾರು ತರುವ ಯೋಚನೆಯನ್ನು ಕೈಬಿಡುವುದೇ ಲೇಸು, ಏಕೆಂದರೆ ಸುತ್ತಲಿನ ಬೀದಿಗಳು ಕಿರಿದಾಗಿದ್ದು, ಸಂಜೆಯಾದ ಮೇಲೆ ಕಾಲಿಡಲೂ ಜಾಗವಿಲ್ಲದಷ್ಟು ಜನ ಸೇರುತ್ತಾರೆ. ವಯಸ್ಸಾದವರೂ ಚಿಕ್ಕ ಮಕ್ಕಳೂ ಜೊತೆಗಿದ್ದರೆ ವಾರದ ನಡುವಿನ ದಿನವನ್ನು ಆರಿಸಿಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ಒಳಗೆ ಹೋಗಿಬಿಡಿ. ನಾವು ಹೋದಾಗ ಕೂರುವ ಸ್ಥಳ ಕಡಿಮೆಯಿತ್ತು. ಬೇಗ ಹೋದದ್ದರಿಂದ ತಾಯಿಯವರಿಗೆ ಒಂದು ಕುರ್ಚಿ ಸಿಕ್ಕಿತು, ತಿಂಡಿಗಳನ್ನು ನಾವೇ ಅವರಿದ್ದಲ್ಲಿಗೆ ತಂದುಕೊಟ್ಟೆವು.

ತಿನ್ನುವ ವಿಷಯದಲ್ಲಿ ಒಂದು ಕ್ರಮವನ್ನು ಅನುಸರಿಸಿದರೆ ಒಳ್ಳೆಯದು. ಒಬ್ಬೊಬ್ಬರೂ ಒಂದೊಂದು ತಟ್ಟೆ ಹಿಡಿದರೆ ಎರಡನೆಯ ಮಳಿಗೆಯ ಹೊತ್ತಿಗೇ ಹೊಟ್ಟೆ ತುಂಬಿಬಿಡುತ್ತದೆ. ಆದ್ದರಿಂದ ಒಂದು ತಟ್ಟೆಯನ್ನು ನಾಲ್ವರು ಹಂಚಿಕೊಳ್ಳಿ. ಮೊದಲು ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ: ಕಾವಲಿಯಿಂದ ಇಳಿದ ಕೂಡಲೇ ತಿಂದರೆ ಅಂಚು ಗರಿಗರಿಯಾಗಿದ್ದು, ನಡುವಿನ ಕಾಳು ಬೆಣ್ಣೆಯಂತೆ ಕರಗುತ್ತದೆ. ಅನಂತರ ದೋಸೆ, ಪಡ್ಡು, ಉಪ್ಪಿಟ್ಟು. ಅವರೆಬೇಳೆಯ ಜಿಲೇಬಿ, ಜಾಮೂನು, ಹೋಳಿಗೆಗಳೂ ಇರುತ್ತವೆ. ಮಕ್ಕಳು ಜಿಲೇಬಿಯನ್ನು ಬಹಳ ಮೆಚ್ಚಿದರು, ನನಗೆ ಹೋಳಿಗೆಯೇ ಹಿಡಿಸಿತು. ಆದರೆ ಮೇಳದ ನಿಜವಾದ ಊಟವೆಂದರೆ ರಾಗಿಮುದ್ದೆ ಮತ್ತು ಹಿತಕಿದ ಬೇಳೆಯ ಸಾರು. ಜೋಳದ ರೊಟ್ಟಿಯಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ಅಜ್ಜಿಯೇ ಅಲ್ಲಿ ಕುಳಿತು ಕಲಿಸಿದರು. ಇದಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.

ತಿಂದು ಮುಗಿಸಿದ ಕೂಡಲೇ ಹೊರಟುಬಿಡಬೇಡಿ. ಹಸಿ ಕಾಯಿ ಮಾರುವಲ್ಲಿ ನಿಂತು ಅದನ್ನು ಆರಿಸುವುದು ಮಕ್ಕಳಿಗೆ ಸಿಗುವ ಒಂದು ಒಳ್ಳೆಯ ಪಾಠ. ಸೊಗಡಿರುವ ಕಾಯಿಯ ಸಿಪ್ಪೆಯನ್ನು ಉಜ್ಜಿದರೆ ಬೆರಳಿಗೆ ಎಣ್ಣೆಯಂಥ ಜಿಡ್ಡು ಅಂಟುತ್ತದೆ, ಆ ಘಮ ಕೈಯಿಂದ ಬೇಗ ಹೋಗುವುದಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ಆ ಕಡೆಯ ರೈತರ ಅನುಭವದ ಮಾತು. ತಾಯಿಯವರು ಒಂದೊಂದೇ ಕಾಯಿಯನ್ನು ಮೂಗಿನ ಬಳಿ ಹಿಡಿದು, ಕಾಳು ತುಂಬಿದೆಯೇ ಎಂದು ಅದುಮಿ, ರಂಧ್ರವಿದ್ದುದನ್ನು ಪಕ್ಕಕ್ಕಿಟ್ಟರು. ರಂಧ್ರವಿದ್ದರೆ ಒಳಗೆ ಹುಳುವಿರುತ್ತದೆ.

ದೂರದೂರಿಗೆ ಒಯ್ಯುವವರು ಕಾಯಿಯನ್ನು ಬಿಡಿಸದೆ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಹಾಕಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಅದು ಬೆವರಿ ಕೊಳೆಯುತ್ತದೆ. ಹಿತಕಿದ ಬೇಳೆಯೂ ಸಿದ್ಧವಾಗಿ ಸಿಗುತ್ತದೆ, ಆದರೆ ಅದು ಬೇಗ ಹುಳಿಯುವುದರಿಂದ ರಾತ್ರಿಯ ರೈಲಿಗೆ ತಕ್ಕುದಲ್ಲ. ಕಾಳನ್ನು ಊರಿಗೆ ಹೋದಮೇಲೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಬೆರಳ ನಡುವೆ ಹಿತಕಿದರೆ ಸಿಪ್ಪೆಯಿಂದ ಬೇಳೆ ಚಿಮ್ಮಿ ಹೊರಬರುತ್ತದೆ. ಮಕ್ಕಳು ಈ ಕೆಲಸಕ್ಕೆ ಪೈಪೋಟಿಯಿಂದ ಕೂರುತ್ತಾರೆ. ಕರಿದ ಅವರೆಬೇಳೆಯ ಖಾರಕ್ಕೆ ಈ ತೊಂದರೆ ಇಲ್ಲ, ನೆಂಟರಿಗೆ ಹಂಚಲು ಅದೇ ಸೂಕ್ತ.

ಉಳಿದ ಹೊತ್ತಿನಲ್ಲಿ ದೊಡ್ಡ ಬಸವಣ್ಣನ ಗುಡಿ ಮತ್ತು ಅದರ ಪಕ್ಕದ ಬ್ಯೂಗಲ್ ರಾಕ್ ಉದ್ಯಾನಕ್ಕೆ ಆಟೋದಲ್ಲಿ ಹೋಗಿಬರಬಹುದು. ಲಾಲ್‌ಬಾಗ್ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ. ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯವೂ ದೂರವಿಲ್ಲ; ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಅಂದು ಭಾರಿ ಜನ ಸೇರುತ್ತಾರೆ. ಹಿರಿಯರಿದ್ದರೆ ಬೇರೆ ದಿನ ಬೆಳಿಗ್ಗೆ ಹೋಗಿ, ನೂಕುನುಗ್ಗಲಿಲ್ಲದೆ ದರ್ಶನವಾಗುತ್ತದೆ.