ಕಳಚಿದ ತುಂಡಿನ ಹೊಣೆ

ರೂಬಿಕ್ ಕ್ಯೂಬ್ ವೇಗವಾಗಿ ಬಿಡಿಸುವ ಪಂದ್ಯದ ನಡುವೆ ಅಂಚಿನ ತುಂಡೊಂದು ಚಿಮ್ಮಿ ಮೇಜಿನ ಕೆಳಗೆ ಉರುಳಿದರೆ ಮತ್ತೊಂದು ಅವಕಾಶ ಕೊಡಬೇಕೇ ಎಂಬ ವಾದ ಕಾರವಾರದ ನಮ್ಮ ಓಣಿಯ ಹುಡುಗರಲ್ಲಿ ಮಳೆಗಾಲವಿಡೀ ನಡೆಯುತ್ತದೆ.

ಇಂಥ ಪಂದ್ಯಗಳ ನಿಯಮ ರೂಪಿಸುವ ಜಾಗತಿಕ ಸಂಸ್ಥೆ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ನಿನ ನಿಯಮ ಈ ವಿಷಯದಲ್ಲಿ ನಿಷ್ಠುರವಾಗಿದೆ: ಸ್ಪರ್ಧಿಯು ಸಮಯ ಓಡುತ್ತಿರುವಾಗಲೇ, ಯಾವ ಸಲಕರಣೆಯ ನೆರವೂ ಇಲ್ಲದೆ, ತುಂಡನ್ನು ಕೂರಿಸಿ ಮುಂದುವರಿಯಬಹುದು, ಇಲ್ಲವೇ ಆ ಯತ್ನವನ್ನೇ ಕೈಬಿಡಬಹುದು. ಒಂದೇ ಮೂಲೆ ತಿರುಚಿಕೊಂಡು ಕ್ಯೂಬ್ ಬಿಡಿಸಲಾಗದಂತಾಗಿದ್ದರೆ, ಅದನ್ನು ಬಿಚ್ಚದೆ ಇದ್ದಲ್ಲೇ ತಿರುಗಿಸಿ ಸರಿಪಡಿಸಲು ಅನುಮತಿಯಿದೆ.

ನನಗಿದು ನ್ಯಾಯವೆಂದೇ ತೋರುತ್ತದೆ. ವೇಗದ ಆಸೆಗೆ ಕ್ಯೂಬಿನ ಸ್ಕ್ರೂಗಳನ್ನು ಸಡಿಲ ಬಿಟ್ಟವರು (ನಮ್ಮ ಓಣಿಯಲ್ಲಿ ಬಹುತೇಕ ಎಲ್ಲರೂ) ಅದರ ಅಪಾಯವನ್ನೂ ಹೊರಬೇಕು. ಆಯೋಜಕರು ಇಟ್ಟ ಟೈಮರ್ ಕೈಕೊಟ್ಟಾಗಿನ ಮಾತು ಬೇರೆ: ಅದರಲ್ಲಿ ಸ್ಪರ್ಧಿಯ ಪಾಲಿಲ್ಲದಿರುವುದರಿಂದ ಡೆಲಿಗೇಟ್ (ಪಂದ್ಯದಲ್ಲಿ ಸಂಸ್ಥೆಯ ಪ್ರತಿನಿಧಿ) ಹೆಚ್ಚುವರಿ ಯತ್ನ ನೀಡಬಹುದು.