ಚಪ್ಪಲಿ ಎಲ್ಲಿದೆ ಡಾಕ್ಟ್ರೇ?

ವೈದ್ಯಕೀಯ ಓದುವಾಗ ಆರ್ಥೋ (ಮೂಳೆ-ಕೀಲು ವಿಭಾಗ) ಪೋಸ್ಟಿಂಗಿನ ಮೊದಲ ದಿನವೇ ನನಗೆ ಪಾದನೋವಿನ ಕೇಸು ಸಿಕ್ಕಿತು. ರೋಗಿ ಮಂಚದ ಮೇಲೆ ಮಲಗಿದ್ದರು. ನಾನು ಸೀದಾ ಹೋಗಿ ನೋವಿದ್ದ ಜಾಗಕ್ಕೇ ಕೈ ಹಾಕಿದೆ. ಅವರು "ಅಯ್ಯೋ" ಅಂದರು. ಬೆನ್ನ ಹಿಂದಿನಿಂದ ನಮಗೆ ಕಲಿಸುತ್ತಿದ್ದ ಮೇಡಂ ಕೇಳಿದರು: "ಡಾಕ್ಟ್ರೇ, ಇವರ ಚಪ್ಪಲಿ ಎಲ್ಲಿದೆ?"

ಮೇಡಂ ತಾವೇ ಬಗ್ಗಿ ಮಂಚದ ಕೆಳಗಿಂದ ಚಪ್ಪಲಿ ತೆಗೆದು ತಿರುಗಿಸಿ ಹಿಡಿದರು. ಸಾಮಾನ್ಯವಾಗಿ ಹಿಮ್ಮಡಿಯ ಹೊರ ಅಂಚು ಜಾಸ್ತಿ ಸವೆಯುತ್ತದೆ. ಇದರಲ್ಲಿ ಒಳ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಆಮೇಲೆ ರೋಗಿಯನ್ನು ನಿಲ್ಲಿಸಿ, ನಮ್ಮನ್ನು ಅವರ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿದರು. ಹಿಂದಿನಿಂದ ನೋಡಿದರೆ ಹೊರಬದಿಯಲ್ಲಿ ಒಂದೋ ಎರಡೋ ಬೆರಳು ಕಾಣಬೇಕು. ನಮಗೆ ನಾಲ್ಕು ಕಂಡವು. ಒಂದೇ ಕಾಲಿನ ತುದಿಯಲ್ಲಿ ನಿಲ್ಲಲು ಹೇಳಿದರೆ ಆಗಲಿಲ್ಲ. ನಿಂತಾಗ ಪಾದದ ಕಮಾನು ಕುಸಿಯುತ್ತಿತ್ತು. ಆದರೆ ಮಲಗಿದ್ದಾಗ ಅದೇ ಕಮಾನು ಚೆನ್ನಾಗೇ ಕಾಣುತ್ತಿತ್ತು! ಮಲಗಿಸಿಯೇ ಶುರುಮಾಡಿದ್ದ ನಾನು ಅದನ್ನು ನಂಬಿಬಿಡುತ್ತಿದ್ದೆ.

ಪಾದದ ಮೇಲಿನ ನಾಡಿ ಹಿಡಿಯುವುದಂತೂ ದೊಡ್ಡ ಫಜೀತಿ. ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುರಜ್ಜುವಿನ ಪಕ್ಕದಲ್ಲೇ, ಹೊರಬದಿಗೆ ಅದು ಸಿಗಬೇಕು. ನಾನು ಬಲವಾಗಿ ಒತ್ತಿ "ಸಿಕ್ತು ಮೇಡಂ" ಅಂದೆ. "ನಿಮ್ಮ ಕುತ್ತಿಗೆ ನಾಡಿ ಜೊತೆ ಹೋಲಿಸಿ ನೋಡಿ" ಅಂದರು. ಎರಡೂ ಒಟ್ಟಿಗೇ ಬಡಿಯುತ್ತಿದ್ದವು. ಎಣಿಸುತ್ತಿದ್ದದ್ದು ನನ್ನದೇ ಬೆರಳಿನ ನಾಡಿ.

ಇಷ್ಟೆಲ್ಲ ಕಲಿತರೂ ಹೌಸ್ ಸರ್ಜನ್ ಆಗಿದ್ದಾಗ ಒಂದು ದೊಡ್ಡ ತಪ್ಪು ಮಾಡಿದೆ. ಆಡುವಾಗ ಯಾರೋ ಹಿಂದಿನಿಂದ ಒದ್ದಂತಾಯಿತು, ತಿರುಗಿದರೆ ಯಾರೂ ಇರಲಿಲ್ಲ ಅಂತ ಒಬ್ಬರು ಕುಂಟುತ್ತ ಬಂದರು. ಕಾಲಗಂಟಿಗೆ ಪೆಟ್ಟಾದಾಗ ಎಕ್ಸ್‌ರೇ ಬೇಕೋ ಬೇಡವೋ ಅಂತ ಹೇಳುವ 1992ರ ಒಟ್ಟಾವಾ ನಿಯಮ ನನಗೆ ಬಾಯಿಪಾಠ. ಕಾಲಗಂಟಿನ ಎರಡೂ ಬದಿಯ ಮೂಳೆಗಳ ಹಿಂದಿನ ಅಂಚು, ಕೆಳಗಿನ 6 ಸೆಂ.ಮೀ. ಒತ್ತಿದೆ. ಪಾದದ ನಡುವಿನ ಮೂಳೆಗಳನ್ನೂ ಬಿಡಲಿಲ್ಲ. ನೋವಿಲ್ಲ. ನಾಲ್ಕು ಹೆಜ್ಜೆ ನಡೆದರು. ಎಕ್ಸ್‌ರೇ ಬೇಡ. ಪಾದ ಕೆಳಕ್ಕೆ ಒತ್ತಿ ಅಂದೆ, ಒತ್ತಿದರು. "ಉಳುಕು" ಅಂತ ಬರೆದು ಬೀಗಿದೆ.

ಮೇಡಂ ಚೀಟಿ ಓದಿ ಏನೂ ಹೇಳಲಿಲ್ಲ. ರೋಗಿಯನ್ನು ಬೋರಲು ಮಲಗಿಸಿ, ಪಾದಗಳು ಮಂಚದ ಅಂಚಿನಾಚೆ ಇಳಿಬೀಳುವಂತೆ ಮಾಡಿದರು. ನೋವಿಲ್ಲದ ಕಾಲಿನ ಮೀನಖಂಡ ಹಿಂಡಿದರು. ಪಾದ ಟಕ್ಕಂತ ಅಂಗಾಲಿನ ಕಡೆಗೆ ಬಾಗಿತು. ಇನ್ನೊಂದನ್ನು ಹಿಂಡಿದರು. ಪಾದ ಅಲ್ಲಾಡಲೇ ಇಲ್ಲ. ಥಾಂಪ್ಸನ್ ಪರೀಕ್ಷೆ! ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಉರು ಹೊಡೆದಿದ್ದೆ, ಕೈಯಾರೆ ಒಮ್ಮೆಯೂ ಮಾಡಿರಲಿಲ್ಲ.

ಅವರು ನನ್ನ ತೋರುಬೆರಳು ಹಿಡಿದು ಹಿಮ್ಮಡಿಯ ಸ್ವಲ್ಪ ಮೇಲೆ ಇಟ್ಟರು. ಹಗ್ಗದಂತಿರಬೇಕಾದ ಕಡೆ ಬೆರಳು ಮೆತ್ತಗೆ ಒಳಗಿಳಿಯಿತು. ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. "ಮತ್ತೆ ಪಾದ ಒತ್ತಿದ್ರಲ್ಲ ಮೇಡಂ?" ಅಂದೆ. "ಬೆರಳು ಮಡಿಸೋ ಸ್ನಾಯುಗಳಿಗೂ ಅಷ್ಟು ಶಕ್ತಿ ಇದೆ. ನೀವು ಎರಡೂ ಕಾಲು ನೋಡಿದ್ರಾ?"

ನೋಡಿರಲಿಲ್ಲ.

ಈಗ ನನ್ನ ಕೋಣೆಗೆ ಬರುವವರಿಗೆ ಮೊದಲು ಎರಡೂ ಕಾಲಿನ ಬಟ್ಟೆ ಮೊಣಕಾಲಿನವರೆಗೆ ಮಡಿಸಲು ಹೇಳುತ್ತೇನೆ. ದಿನಕ್ಕೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ನೋವಿರೋದು ಈ ಕಾಲು ಅಲ್ವಾ ಡಾಕ್ಟ್ರೇ, ಅದನ್ನ್ಯಾಕೆ ನೋಡ್ತೀರಾ?"